ಗೊತ್ತಿದ್ದೂ ಬಿಡಲಾಗದ ಹಂಗು: ಆತ್ಮರತಿಯ ವ್ಯಕ್ತಿಯ ಮೇಲಿನ ಅವಲಂಬನೆಯನ್ನು ಸಡಿಲಿಸುವ ಕ್ರಮ

"ಅವರ ಸ್ವಭಾವ ಎಂಥದೆಂದು ನನಗೆ ಈಗ ಚೆನ್ನಾಗಿ ಗೊತ್ತಾಗಿದೆ. ಆದರೂ ಅವರು ಮಾತು ಬಿಟ್ಟ ಎರಡನೆಯ ದಿನಕ್ಕೆ ನಾನೇ ಹೋಗಿ ಕ್ಷಮೆ ಕೇಳುತ್ತೇನೆ. ಯಾಕೆ ಹೀಗೆ?" ಈ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಓದುಗರಿಂದ ಮತ್ತೆ ಮತ್ತೆ ಬರುತ್ತಿದೆ. ಕೇಳುವವರಲ್ಲಿ ಮದುವೆಯಾಗಿ ಹದಿನೈದು ವರ್ಷ ಕಳೆದ ಹೆಣ್ಣುಮಕ್ಕಳಿದ್ದಾರೆ, ಹೆಂಡತಿಯ ಮುನಿಸಿಗೆ ಹೆದರಿ ಸ್ವಂತ ತಾಯಿಗೆ ಫೋನ್ ಮಾಡುವುದನ್ನೇ ನಿಲ್ಲಿಸಿದ ಗಂಡಸರಿದ್ದಾರೆ, ನಲವತ್ತು ದಾಟಿದರೂ ಅಪ್ಪನ ಒಂದು ಮೆಚ್ಚುಗೆಯ ಮಾತಿಗೆ ಕಾದು ಕುಳಿತ ಮಕ್ಕಳೂ ಇದ್ದಾರೆ. ಒಬ್ಬೊಬ್ಬರಿಗೂ ಬೇರೆಯಾಗಿ ಉತ್ತರಿಸುವ ಬದಲು, ಯಾವುದನ್ನು ಯಾವ ಕ್ರಮದಲ್ಲಿ ಮಾಡಬೇಕೆಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಒಂದು ವಿಷಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಎದುರಿನವರನ್ನು ಬದಲಾಯಿಸುವ ಉಪಾಯ ಈ ಲೇಖನದಲ್ಲಿಲ್ಲ. ಇಲ್ಲಿರುವುದೆಲ್ಲ ನಿಮ್ಮ ಕಡೆಯ ಹಗ್ಗವನ್ನು ಸಡಿಲಿಸುವ ಕೆಲಸ. ಸಂಬಂಧದಿಂದ ಪೂರ್ತಿ ಹೊರಬರುವವರಿಗೂ, ಮಕ್ಕಳ ಕಾರಣಕ್ಕೋ ವಯಸ್ಸಾದ ತಂದೆತಾಯಿಯೆಂಬ ಕಾರಣಕ್ಕೋ ಸಂಬಂಧದೊಳಗೇ ಇರಬೇಕಾದವರಿಗೂ ಈ ಕೆಲಸದ ಬಹುಪಾಲು ಒಂದೇ.

ಮೊದಲು ಪದಗಳ ವಿಚಾರ

ನಾರ್ಸಿಸಿಸಂ ಎಂಬುದಕ್ಕೆ ಕನ್ನಡದಲ್ಲಿ ಆತ್ಮರತಿ ಎಂಬ ಮಾತಿದೆ. ತನ್ನನ್ನು ತಾನು ಮೆಚ್ಚಿಕೊಳ್ಳುವುದಷ್ಟೇ ಅಲ್ಲ, ಸುತ್ತಲಿನವರೆಲ್ಲ ತನ್ನನ್ನು ಮೆಚ್ಚುತ್ತಲೇ ಇರಬೇಕು, ತನಗೆ ವಿಶೇಷ ಮರ್ಯಾದೆ ಸಲ್ಲಬೇಕು, ಇತರರ ನೋವು ತನ್ನ ಅನುಕೂಲಕ್ಕಿಂತ ದೊಡ್ಡದಲ್ಲ ಎಂಬ ನಿಲುವು ಅದರ ತಿರುಳು. ಇದು ಸ್ವಲ್ಪ ಮಟ್ಟಿಗೆ ಎಲ್ಲರಲ್ಲೂ ಇರುವಂಥದೇ. ಅದು ವ್ಯಕ್ತಿತ್ವದ ತೊಂದರೆಯೆಂಬ ಮಟ್ಟಕ್ಕೆ ಹೋದಾಗ ಮಾತ್ರ ವೈದ್ಯಕೀಯ ಹೆಸರು ಸಿಗುತ್ತದೆ. ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗನಿರ್ಣಯದ ಕೈಪಿಡಿಗೆ ಈ ತೊಂದರೆಯನ್ನು ಸೇರಿಸಿದ್ದು 1980ರಲ್ಲಿ. 2013ರ ಆವೃತ್ತಿಯ ಪ್ರಕಾರ 9 ಲಕ್ಷಣಗಳಲ್ಲಿ ಕನಿಷ್ಠ 5, ಪ್ರಾಯಕ್ಕೆ ಬಂದಾಗಿನಿಂದ ಬದುಕಿನ ಹಲವು ಸಂದರ್ಭಗಳಲ್ಲಿ ಕಂಡುಬರಬೇಕು. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ವರ್ಗೀಕರಣವಂತೂ ಈ ಹೆಸರನ್ನೇ ಬದಿಗಿಟ್ಟು, ತೊಂದರೆ ಎಷ್ಟು ತೀವ್ರವಾಗಿದೆ ಎಂಬುದಕ್ಕೆ ಒತ್ತು ಕೊಟ್ಟಿದೆ.

ಇಷ್ಟನ್ನು ಹೇಳಿದ್ದಕ್ಕೆ ಕಾರಣವಿದೆ. ಯೂಟ್ಯೂಬಿನ ನಾಲ್ಕು ವಿಡಿಯೋ ನೋಡಿ ಮನೆಯವರಿಗೆ ನಾರ್ಸಿಸಿಸ್ಟ್ ಎಂಬ ಹಣೆಪಟ್ಟಿ ಕಟ್ಟುವುದು ಈಗ ವಾಡಿಕೆಯಾಗಿಬಿಟ್ಟಿದೆ. ರೋಗನಿರ್ಣಯ ಮಾಡಬಲ್ಲವರು ಮನೋವೈದ್ಯರು ಮತ್ತು ಕ್ಲಿನಿಕಲ್ ಮನೋವಿಜ್ಞಾನಿಗಳು ಮಾತ್ರ, ಅದೂ ಆ ವ್ಯಕ್ತಿಯನ್ನು ಎದುರು ಕೂರಿಸಿಕೊಂಡು. ನಿಮ್ಮ ಕೆಲಸಕ್ಕೆ ಆ ಹಣೆಪಟ್ಟಿಯ ಅಗತ್ಯವೂ ಇಲ್ಲ. ಅವರ ನಡವಳಿಕೆ ಏನು, ಅದರಿಂದ ನಿಮಗೆ ಏನಾಗುತ್ತಿದೆ, ಇವೆರಡು ತಿಳಿದರೆ ಮುಂದೆ ಹೋಗಬಹುದು.

ಇನ್ನು ಭಾವನಾತ್ಮಕ ಅವಲಂಬನೆ. ಇದಕ್ಕೆ ನಮ್ಮಲ್ಲಿ ಹಂಗು ಎಂಬ ಒಳ್ಳೆಯ ಮಾತಿದೆ, ಅನ್ನದ ಹಂಗು ಇದ್ದಂತೆ ಮೆಚ್ಚುಗೆಯ ಹಂಗು. ನಿಮ್ಮ ದಿನ ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಇನ್ನೊಬ್ಬರ ಮುಖ ನಿರ್ಧರಿಸುವ ಸ್ಥಿತಿ ಇದು. ಗೇಟಿನ ಚಿಲಕ ತೆಗೆಯುವ ಸದ್ದಿನಿಂದಲೇ, ಸ್ಕೂಟರಿನ ಸ್ಟ್ಯಾಂಡ್ ನೆಲಕ್ಕೆ ಬಡಿದ ರೀತಿಯಿಂದಲೇ ಇಂದು ರಾತ್ರಿ ಹೇಗಿರುತ್ತದೆಂದು ಅಳೆಯುವುದನ್ನು ನೀವು ಕಲಿತಿದ್ದರೆ, ಈ ಲೇಖನ ನಿಮಗಾಗಿಯೇ ಇದೆ.

ಹಂಗು ಕಟ್ಟುವುದು ಹೇಗೆ

ಹಿಂಸೆ ಸದಾ ಹಿಂಸೆಯಾಗಿಯೇ ಇದ್ದಿದ್ದರೆ ಬಿಟ್ಟು ಬರುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ. ಕಟ್ಟಿಹಾಕುವುದು ನಡುನಡುವೆ ಸಿಗುವ ಅಕ್ಕರೆ. ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಕಂಡ ಸಂಗತಿ ಇದು: ಗುಂಡಿಯನ್ನು ಕುಕ್ಕಿದಾಗಲೆಲ್ಲ ಕಾಳು ಸಿಗುತ್ತಿದ್ದ ಹಕ್ಕಿ, ಕಾಳು ನಿಂತ ಮೇಲೆ ಬೇಗ ಸುಮ್ಮನಾಗುತ್ತದೆ, ಯಾವಾಗ ಸಿಗುತ್ತದೆಂದು ಗೊತ್ತಿಲ್ಲದೆ ಆಗೊಮ್ಮೆ ಈಗೊಮ್ಮೆ ಕಾಳು ಪಡೆದ ಹಕ್ಕಿ, ಕಾಳು ಪೂರ್ತಿ ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ. ಮೂಗಿಗೆ ತುಪ್ಪ ಸವರುವುದು ಎಂದು ನಮ್ಮ ಹಿರಿಯರು ಹೇಳಿದ್ದೂ ಇದನ್ನೇ. ತುಪ್ಪ ಬಾಯಿಗೆ ಬರುವುದಿಲ್ಲ, ವಾಸನೆ ಮಾತ್ರ ಬಿಡುವುದಿಲ್ಲ.

ಮನುಷ್ಯ ಸಂಬಂಧಗಳಲ್ಲಿ ಇದನ್ನು ಸಂಶೋಧಕರಾದ ಡೊನಾಲ್ಡ್ ಡಟನ್ ಮತ್ತು ಸೂಸನ್ ಪೇಂಟರ್ 1981ರಲ್ಲಿ ಆಘಾತದ ಬಂಧ ಎಂದು ಗುರುತಿಸಿದರು. ಟ್ರಾಮಾ ಬಾಂಡಿಂಗ್ ಎಂದು ಈಗ ಎಲ್ಲೆಲ್ಲೂ ಕೇಳಿಬರುವುದು ಇದೇ. ಅದು ಹುಟ್ಟಲು ಎರಡು ಸಂಗತಿ ಬೇಕು: ಇಬ್ಬರ ನಡುವೆ ಅಧಿಕಾರದ ಅಂತರ, ಮತ್ತು ಬಿಟ್ಟುಬಿಟ್ಟು ಬರುವ ಹಿಂಸೆ. ಹಿಂಸೆಯ ಸಂಬಂಧದಿಂದ ಆಗಷ್ಟೇ ಹೊರಬಂದಿದ್ದ 75 ಮಹಿಳೆಯರನ್ನು ಮಾತನಾಡಿಸಿ 1993ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ, ಆರು ತಿಂಗಳ ನಂತರ ಹಳೆಯ ಸಂಗಾತಿಯ ಮೇಲಿನ ಸೆಳೆತ ಇಳಿದದ್ದು ಸುಮಾರು 27% ಮಾತ್ರ. ಹೊರಬಂದು ಎರಡು ತಿಂಗಳಾದರೂ ಅವರ ನೆನಪು ಕಾಡುತ್ತಿದೆಯೆಂದು ನಾಚಿಕೊಳ್ಳುವವರು ಈ ಅಂಕಿಯನ್ನು ಬರೆದಿಟ್ಟುಕೊಳ್ಳಲಿ.

ಹಂತ 1: ಅಪಾಯವನ್ನು ಅಳೆಯಿರಿ

ಬೇರೆಲ್ಲಕ್ಕಿಂತ ಮೊದಲು ಇದು. ಕೈ ಎತ್ತಿದ್ದುಂಟೇ, ಕತ್ತು ಹಿಸುಕಿದ್ದುಂಟೇ, ಆಯುಧ ತೋರಿಸಿದ್ದುಂಟೇ, ಕೋಣೆಯಲ್ಲಿ ಕೂಡಿಹಾಕಿದ್ದುಂಟೇ, ಮಕ್ಕಳನ್ನು ಎತ್ತಿಕೊಂಡು ಹೋಗುತ್ತೇನೆಂದು ಬೆದರಿಸಿದ್ದುಂಟೇ? ಒಂದಕ್ಕಾದರೂ ಹೌದು ಎಂಬುದು ಉತ್ತರವಾದರೆ, ಮುಂದಿನ ಹಂತಗಳನ್ನು ಒಬ್ಬರೇ ಮಾಡಲು ಹೋಗಬೇಡಿ. ನೇರವಾಗಿ ಎಂಟನೆಯ ಹಂತವನ್ನು ಓದಿ, ನೆರವಿನವರ ಜೊತೆ ಸೇರಿ ಉಳಿದದ್ದನ್ನು ಯೋಜಿಸಿ. ಒಮ್ಮೆ ಮಾತ್ರ ಕತ್ತು ಹಿಸುಕಿದ್ದು, ಕುಡಿದಿದ್ದರು ಎಂಬ ಸಮಾಧಾನ ಬೇಡ. ಕತ್ತಿಗೆ ಕೈ ಹಾಕುವುದು ಮುಂದಿನ ಪ್ರಾಣಾಪಾಯದ ಗಂಭೀರ ಸೂಚನೆ.

ಇಲ್ಲಿ ಜನ ಎಡವುವುದು ಒಂದೇ ಕಡೆ: ಜಗಳದ ನಡುವೆ "ನಾನು ಬಿಟ್ಟು ಹೋಗುತ್ತೇನೆ" ಎಂದು ಘೋಷಿಸಿಬಿಡುವುದು. ಹಿಡಿತ ತಪ್ಪುತ್ತಿದೆಯೆಂದು ಗೊತ್ತಾದ ಗಳಿಗೆಯೇ ಹಿಂಸೆಯ ಸಂಬಂಧದಲ್ಲಿ ಅತ್ಯಂತ ಅಪಾಯದ ಗಳಿಗೆ. ಹೋಗುವವರು ಹೇಳಿ ಹೋಗಬೇಕೆಂಬ ನಮ್ಮ ಮನೆಗಳ ರೀತಿಯನ್ನು ಇಲ್ಲಿ ಪಾಲಿಸಬೇಕಾಗಿಲ್ಲ.

ಹಂತ 2: ಎರಡು ಕಾಲಮಿನ ಪುಸ್ತಕ

ಒಂದು ಸಾಧಾರಣ ನೋಟ್ ಪುಸ್ತಕ ಸಾಕು. ಅದು ಅವರ ಕೈಗೆ ಸಿಗದ ಜಾಗದಲ್ಲಿರಬೇಕು: ಕಚೇರಿಯ ಡ್ರಾಯರ್, ತಂಗಿಯ ಮನೆ, ಅಕ್ಕಿ ಡಬ್ಬದ ಹಿಂಭಾಗ, ಎಲ್ಲಾದರೂ ಸರಿ. ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ ನಡೆದದ್ದು, ಬಲಕ್ಕೆ ನಿಮಗಾದದ್ದು. ಎಡಗಡೆ ವಿಶೇಷಣಗಳು ಬೇಡ. ಕ್ಯಾಮೆರಾ ಕಂಡದ್ದನ್ನು ಮಾತ್ರ ಬರೆಯಿರಿ. ಒಂದು ಮಾದರಿ ಹೀಗಿರಬಹುದು.

ಎಡಗಡೆ: "ಬುಧವಾರ ರಾತ್ರಿ ಒಂಬತ್ತೂವರೆ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ತಟ್ಟೆ ದೂಡಿ ಎದ್ದರು. ಶನಿವಾರದವರೆಗೆ ಮಾತಿಲ್ಲ. ಭಾನುವಾರ ಬೆಳಿಗ್ಗೆ ಏನೂ ಆಗದವರಂತೆ ಮಸಾಲೆ ದೋಸೆ ಕಟ್ಟಿಸಿಕೊಂಡು ಬಂದರು."

ಬಲಗಡೆ: "ಬುಧವಾರ ಕೈ ನಡುಗಿತು. ಗುರುವಾರ ಮೂರು ಸಲ ಕ್ಷಮೆ ಕೇಳಿದೆ. ಶುಕ್ರವಾರ ಊಟ ಸೇರಲಿಲ್ಲ. ಭಾನುವಾರ ದೋಸೆಯ ಪೊಟ್ಟಣ ನೋಡಿ ಅಳು ಬಂತು. ಇಷ್ಟು ಒಳ್ಳೆಯವರ ಬಗ್ಗೆ ಕೆಟ್ಟದಾಗಿ ಯೋಚಿಸಿದೆನಲ್ಲ ಎನಿಸಿತು."

ಆ ದೋಸೆಯ ಪೊಟ್ಟಣವನ್ನು ಬರೆಯಲು ಮರೆಯಬೇಡಿ. ಬಹಳ ಜನ ಕೆಟ್ಟದ್ದನ್ನು ಮಾತ್ರ ಪಟ್ಟಿ ಮಾಡುತ್ತಾರೆ. ಒಳ್ಳೆಯ ದಿನ ಬಂದೊಡನೆ ಆ ಪಟ್ಟಿ ಸುಳ್ಳೆನಿಸಿ ಪುಸ್ತಕವನ್ನು ಹರಿದು ಹಾಕುತ್ತಾರೆ. ಒಳ್ಳೆಯದನ್ನೂ ತಾರೀಖು ಹಾಕಿ ಬರೆದರೆ, ಅದು ಯಾವುದರ ನಂತರ ಬರುತ್ತದೆ, ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬ ಕ್ರಮ ನಾಲ್ಕು ವಾರಗಳಲ್ಲಿ ಕಣ್ಣಿಗೆ ಬೀಳುತ್ತದೆ. ಮೊದಮೊದಲಿನ ಪ್ರೀತಿಯ ಸುರಿಮಳೆ, ಅಂದರೆ ಲವ್ ಬಾಂಬಿಂಗ್ ಎಂದು ಕರೆಯುವ ಅತಿಯಾದ ಹೊಗಳಿಕೆ ಮತ್ತು ಉಡುಗೊರೆಗಳ ಕಾಲ, ನಂತರ ತಪ್ಪು ಹುಡುಕುವ ಕಾಲ, ಆಮೇಲೆ ಮಾತು ಬಿಡುವ ಕಾಲ, ಮತ್ತೆ ಒಂದು ಪೊಟ್ಟಣ: ಇದು ಚಕ್ರ ಎಂಬುದನ್ನು ಯಾರಾದರೂ ಬಾಯಲ್ಲಿ ಹೇಳಿದರೆ ನೀವು ನಂಬುವುದಿಲ್ಲ, ನಿಮ್ಮದೇ ಅಕ್ಷರದಲ್ಲಿ ಕಂಡರೆ ನಂಬುತ್ತೀರಿ.

ಪುಸ್ತಕದ ಇನ್ನೊಂದು ಉಪಯೋಗ ಗ್ಯಾಸ್‌ಲೈಟಿಂಗ್ ಎಂಬುದರ ವಿರುದ್ಧ. ತನ್ನ ಗುಟ್ಟಿನ ಕೆಲಸದಿಂದಲೇ ಮನೆಯ ಗ್ಯಾಸ್ ದೀಪ ಮಂದವಾಗುತ್ತಿದ್ದರೂ, ಹೆಂಡತಿಗೆ ತನ್ನ ಬುದ್ಧಿಯ ಮೇಲೇ ಅನುಮಾನ ಹುಟ್ಟಿಸುವ ಗಂಡನ ಕಥೆಯಿರುವ 1938ರ ಇಂಗ್ಲಿಷ್ ನಾಟಕವೊಂದರಿಂದ ಬಂದ ಮಾತು ಇದು. "ನಾನು ಹಾಗೆ ಹೇಳಲೇ ಇಲ್ಲ", "ಎಲ್ಲ ನಿನ್ನ ಕಲ್ಪನೆ" ಎಂಬುದನ್ನು ವರ್ಷಗಟ್ಟಲೆ ಕೇಳಿದ ಮನಸ್ಸು ತನ್ನ ನೆನಪನ್ನೇ ಅನುಮಾನಿಸತೊಡಗುತ್ತದೆ. ಬುಧವಾರದ ಪುಟ ಆ ಅನುಮಾನಕ್ಕೆ ಉತ್ತರ. ಆದರೆ ಆ ಪುಟವನ್ನು ಅವರಿಗೆ ತೋರಿಸಿ ವಾದ ಗೆಲ್ಲಲು ಹೋಗಬೇಡಿ. ಪುಸ್ತಕವೂ ಹೋಗುತ್ತದೆ, ವಾದವೂ ಹೋಗುತ್ತದೆ.

ಹಂತ 3: ಹೊರಗಿನ ಒಬ್ಬರು

ಹಂಗು ಬೆಳೆದ ಕಾಲದಲ್ಲಿ ನಿಮ್ಮ ಗೆಳೆತನಗಳು ಒಂದೊಂದಾಗಿ ಉದುರಿರುತ್ತವೆ. ಹತ್ತು ಜನರನ್ನು ಮರಳಿ ಸೇರಿಸಿಕೊಳ್ಳುವ ಅಗತ್ಯವಿಲ್ಲ, ಒಬ್ಬರು ಸಾಕು. ಆರಿಸುವಾಗ ಒಂದೇ ಅಳತೆ: ಕೇಳಿದ್ದನ್ನು ಇನ್ನೊಬ್ಬರಿಗೆ ದಾಟಿಸದವರು, "ಹೊಂದಿಕೊಂಡು ಹೋಗು" ಎಂದು ಮೊದಲ ವಾಕ್ಯದಲ್ಲೇ ಹೇಳದವರು. ಅಂಥವರು ಕೆಲವೊಮ್ಮೆ ತವರಿನಲ್ಲಿ ಸಿಗುವುದಿಲ್ಲ, ಹಳೆಯ ಸಹೋದ್ಯೋಗಿಯಲ್ಲೋ ಪಕ್ಕದ ಬೀದಿಯ ಟೀಚರಮ್ಮನಲ್ಲೋ ಸಿಗುತ್ತಾರೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಗೆ ಸರಿಯಾಗಿ ಹೊರಗೆ ಬಹಳ ಒಳ್ಳೆಯ ಹೆಸರಿರುವ ವ್ಯಕ್ತಿಯಾದರೆ, ನಿಮ್ಮ ಮಾತನ್ನು ಮೊದಲಿಗೆ ಯಾರೂ ನಂಬದೆ ಇರಬಹುದು. ನಂಬಿಸುವುದರಲ್ಲಿ ಶಕ್ತಿ ಕಳೆಯಬೇಡಿ. ನಂಬದವರನ್ನು ಬಿಟ್ಟು ಮುಂದಿನವರ ಕಡೆ ಹೋಗಿ.

ಹಂತ 4: ಕಾಗದಪತ್ರ, ಹಣ, ಫೋನ್

ಭಾವನೆಯ ವಿಷಯದಲ್ಲಿ ಬ್ಯಾಂಕ್ ಪಾಸ್‌ಬುಕ್ ಯಾಕೆ ಬಂತು ಎನಿಸಬಹುದು. ಕೈಯಲ್ಲಿ ನೂರು ರೂಪಾಯಿ ಇಲ್ಲದವರಿಗೆ ಮನಸ್ಸಿನ ಸ್ವಾತಂತ್ರ್ಯ ಬೋಧಿಸುವುದು ಸುಲಭ, ಅವರು ಅದರಂತೆ ನಡೆಯುವುದು ಕಷ್ಟ. ಆದ್ದರಿಂದ ಇವುಗಳನ್ನು ಗದ್ದಲವಿಲ್ಲದೆ ಮಾಡಿಕೊಳ್ಳಿ.

ಆಧಾರ್, ಪ್ಯಾನ್, ಮದುವೆಯ ನೋಂದಣಿ ಪತ್ರ, ಅಂಕಪಟ್ಟಿಗಳು, ಮಕ್ಕಳ ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್ ಇವುಗಳ ಪ್ರತಿ ಮಾಡಿ ಮೂರನೆಯ ಹಂತದ ಆ ಒಬ್ಬರ ಬಳಿ ಇಡಿ. ನಿಮ್ಮ ಹೆಸರಿನ ಖಾತೆಯ ಎಟಿಎಂ ಕಾರ್ಡ್ ಯಾರ ಕೈಯಲ್ಲಿದೆ ನೋಡಿ. ಗೃಹಲಕ್ಷ್ಮಿಯ 2,000 ರೂಪಾಯಿ ನಿಮ್ಮ ಖಾತೆಗೇ ಬರುತ್ತಿದ್ದರೂ ಕಾರ್ಡ್ ಮತ್ತು ಪಿನ್ ಇನ್ನೊಬ್ಬರ ಬಳಿ ಇರುವ ಮನೆಗಳು ಕಡಿಮೆಯಿಲ್ಲ. ಸಿಮ್ ಯಾರ ಹೆಸರಿನಲ್ಲಿದೆ ಎಂಬುದು ಇನ್ನೂ ಮುಖ್ಯ. ಸಿಮ್ ಅವರ ಹೆಸರಿನಲ್ಲಿದ್ದರೆ ಅವರು ಅದನ್ನು ಯಾವ ದಿನವಾದರೂ ನಿಲ್ಲಿಸಬಹುದು, ಆಗ ಬ್ಯಾಂಕಿನ ಒಟಿಪಿಯೂ ನಿಂತುಹೋಗುತ್ತದೆ. ನಿಮ್ಮ ಹೆಸರಿನಲ್ಲಿ ಹೊಸ ಸಿಮ್ ಪಡೆದು ಬ್ಯಾಂಕಿಗೂ ಆಧಾರಿಗೂ ಆ ಸಂಖ್ಯೆಯನ್ನು ಜೋಡಿಸಿ. ತವರಿನಿಂದ ಬಂದ ಒಡವೆ ಸ್ತ್ರೀಧನ, ಕಾನೂನಿನ ಪ್ರಕಾರ ಅದು ನಿಮ್ಮದೇ. ಅದರ ಫೋಟೊ ಮತ್ತು ಸಿಕ್ಕರೆ ರಸೀದಿ ತೆಗೆದಿಡಿ. ಅವಲಂಬಿತರ ವೀಸಾದ ಮೇಲೆ ಹೊರದೇಶದಲ್ಲಿರುವ ಕನ್ನಡತಿಯರು ಪಾಸ್‌ಪೋರ್ಟನ್ನು ತಮ್ಮ ಕೈಯಲ್ಲೇ ಇಟ್ಟುಕೊಳ್ಳುವುದನ್ನು ಎಲ್ಲಕ್ಕಿಂತ ಮೊದಲು ಮಾಡಬೇಕು.

ಫೋನಿನಲ್ಲಿ ಮೂರು ಜಾಗ ನೋಡಿ: ವಾಟ್ಸ್‌ಆ್ಯಪಿನ ಲಿಂಕ್ ಆದ ಸಾಧನಗಳ ಪಟ್ಟಿ, ಗೂಗಲ್ ಮ್ಯಾಪ್ಸಿನ ಸ್ಥಳ ಹಂಚಿಕೆ, ಮತ್ತು ಗೂಗಲ್ ಖಾತೆಗೆ ಎಲ್ಲೆಲ್ಲಿಂದ ಪ್ರವೇಶವಾಗಿದೆ ಎಂಬ ವಿವರ. ಹಿಂಸೆಯ ಭಯವಿದ್ದರೆ ಇವನ್ನು ಒಮ್ಮೆಲೇ ಕಡಿದುಹಾಕಬೇಡಿ. ಕಡಿದದ್ದು ಅವರಿಗೆ ತಿಳಿಯುತ್ತದೆ. ಅಂಥ ಸಂದರ್ಭದಲ್ಲಿ ಮುಖ್ಯ ಮಾತುಕತೆಗೆ ಬೇರೆಯವರ ಫೋನ್ ಬಳಸುವುದೇ ಕ್ಷೇಮ.

ಹಂತ 5: ಉತ್ತರಿಸುವ ರೀತಿಯನ್ನು ಬದಲಿಸಿ

ನಿಜವಾದ ಅಭ್ಯಾಸ ಇಲ್ಲಿಂದ ಶುರು. ಇಲ್ಲಿಯವರೆಗೆ ನೀವು ಪ್ರತಿ ಆರೋಪಕ್ಕೂ ವಿವರಣೆ ಕೊಟ್ಟಿರುತ್ತೀರಿ, ಸಮರ್ಥಿಸಿಕೊಂಡಿರುತ್ತೀರಿ, ಅತ್ತಿರುತ್ತೀರಿ. ಆ ವಿವರಣೆಯೂ ಕಣ್ಣೀರೂ ಎದುರಿನವರಿಗೆ ಮೇವು. ಮೇವು ನಿಲ್ಲಿಸುವ ಉಪಾಯಕ್ಕೆ ಬೂದುಗಲ್ಲಿನ ವಿಧಾನ, ಗ್ರೇ ರಾಕ್, ಎಂದು ಹೆಸರು: ದಾರಿಬದಿಯ ಬೂದು ಬಣ್ಣದ ಕಲ್ಲನ್ನು ಯಾರೂ ತಿರುಗಿ ನೋಡುವುದಿಲ್ಲವಲ್ಲ, ಹಾಗೆ ಸಪ್ಪೆಯಾಗಿರುವುದು. ಸಿಟ್ಟಿಲ್ಲ, ವ್ಯಂಗ್ಯವಿಲ್ಲ, ಒರಟುತನವಿಲ್ಲ. ಕೇಳಿದ್ದಕ್ಕೆ ಚಿಕ್ಕದಾಗಿ, ವಿಷಯದ ಬಗ್ಗೆ ಮಾತ್ರ ಉತ್ತರ.

ಉದಾಹರಣೆಗೆ ಹೀಗೊಂದು ಸಂದೇಶ ಬಂದಿದೆ ಎಂದುಕೊಳ್ಳಿ: "ಮಗಳ ಫೀಸ್ ಕಟ್ಟೋಕೆ ನಿನಗೆ ಪುರಸೊತ್ತಿಲ್ಲ, ತಂಗಿ ಮನೆಗೆ ಹೋಗೋಕೆ ಮಾತ್ರ ಇದೆ. ನಿಮ್ಮ ಮನೆಯವರು ಕಲಿಸಿದ್ದೇ ಇಷ್ಟು." ಇದರಲ್ಲಿ ಮೂರು ಆರೋಪಗಳಿವೆ, ವಿಷಯ ಇರುವುದು ಒಂದೇ. ಹಳೆಯ ಅಭ್ಯಾಸದಂತೆ ನೀವು ತಂಗಿಯ ಮನೆಗೆ ಯಾಕೆ ಹೋಗಬೇಕಾಯಿತು ಎಂಬುದರಿಂದ ತೊಡಗಿ ಅರ್ಧ ಪುಟ ಬರೆಯುತ್ತೀರಿ. ಅದರ ಬದಲು ಇಷ್ಟು ಸಾಕು: "ಫೀಸ್ ಕಟ್ಟಲು ಕಡೆಯ ದಿನ 15. ಅರ್ಧ ಹಣ ನಾನು ಕಟ್ಟುತ್ತೇನೆ. ಉಳಿದದ್ದನ್ನು ನೀವು ಯಾವತ್ತು ಹಾಕುತ್ತೀರಿ ತಿಳಿಸಿ." ತಂಗಿಯೂ ಮನೆಯವರೂ ಉತ್ತರದಲ್ಲಿ ಬರಲೇ ಇಲ್ಲ ಎಂಬುದನ್ನು ಗಮನಿಸಿ. ಬರೆದ ಮೇಲೆ ಹತ್ತು ನಿಮಿಷ ಬಿಟ್ಟು ಕಳುಹಿಸಿ. ಆ ಹತ್ತು ನಿಮಿಷದಲ್ಲಿ ಅಳಿಸಬೇಕಾದ ಒಂದು ವಾಕ್ಯವಾದರೂ ಸಿಗುತ್ತದೆ.

ಮಾತು ಬಿಟ್ಟ ದಿನಗಳಿಗೂ ಇದೇ ನಿಯಮ. ಅವರು ಮೌನವಾಗಿದ್ದರೆ ಊಟಕ್ಕೆ ಬಡಿಸಿ, ನಿಮ್ಮ ಕೆಲಸ ಮಾಡಿಕೊಳ್ಳಿ, ಕ್ಷಮೆ ಕೇಳಬೇಡಿ. ಮಾಡಿದ ತಪ್ಪಿಗೆ ಕ್ಷಮೆ ಒಮ್ಮೆ, ಸ್ಪಷ್ಟವಾಗಿ, ಮೌನಕ್ಕೆ ಕ್ಷಮೆಯಿಲ್ಲ. ಗುರುವಾರ ಮೂರು ಸಲ ಕ್ಷಮೆ ಕೇಳಿದ್ದೆ ಎಂದು ಪುಸ್ತಕದಲ್ಲಿದೆಯಲ್ಲ, ಅದನ್ನು ಮೊದಲ ವಾರ ಎರಡಕ್ಕೆ ಇಳಿಸಿದರೂ ಅದು ಕೆಲಸವೇ.

ಎಚ್ಚರಿಕೆ ಒಂದಿದೆ. ನೀವು ಬದಲಾದ ಕೂಡಲೇ ಅವರ ವರ್ತನೆ ಇಳಿಯುವ ಬದಲು ಏರಬಹುದು. ಗುಂಡಿ ಒತ್ತಿದರೂ ಲಿಫ್ಟ್ ಬಾರದಿದ್ದಾಗ ನಾವು ಹತ್ತು ಸಲ ಒತ್ತುವಂತೆ ಇದು. ಕೂಗಾಟ, ಹಠಾತ್ ಪ್ರೀತಿ, ಕಾಯಿಲೆಯ ಸುದ್ದಿ, ಎಲ್ಲವೂ ಒಟ್ಟಿಗೆ ಬರಬಹುದು. ಈ ಏರಿಕೆಯನ್ನು ಕಂಡು ವಿಧಾನ ಸೋತಿತೆಂದು ಹಳೆಯ ದಾರಿಗೆ ಮರಳಿದರೆ, ಜೋರು ಮಾಡಿದರೆ ಸಿಗುತ್ತದೆ ಎಂಬ ಪಾಠ ಅವರಿಗೆ ಸಿಗುತ್ತದೆ. ಏರಿಕೆ ಹಿಂಸೆಯ ಕಡೆ ತಿರುಗುವಂತಿದ್ದರೆ ಮಾತ್ರ ವಿಧಾನವನ್ನು ಬಿಟ್ಟು, ಒಂದನೆಯ ಹಂತಕ್ಕೆ ಹೋಗಿ.

ಹಂತ 6: ದೂರವನ್ನು ನಿರ್ಧರಿಸಿ

ಮಕ್ಕಳಿಲ್ಲದ, ಆಸ್ತಿಯ ತಂಟೆಯಿಲ್ಲದ ಪ್ರೇಮ ಸಂಬಂಧವಾದರೆ ಸಂಪರ್ಕವನ್ನು ಪೂರ್ತಿ ಕಡಿಯುವುದೇ ಉತ್ತಮ: ಸಂಖ್ಯೆಯನ್ನು ಬ್ಲಾಕ್ ಮಾಡಿ, ಅವರ ಸ್ಟೇಟಸ್ ನೋಡುವುದನ್ನೂ ನಿಲ್ಲಿಸಿ. ಗೆಳತಿಯ ಫೋನಿನಲ್ಲಿ ಅವರ ಡಿಪಿ ನೋಡುವುದೂ ಸಂಪರ್ಕವೇ. ಮಕ್ಕಳಿದ್ದರೆ ಸಂಪರ್ಕವನ್ನು ಫೀಸ್, ಔಷಧಿ, ಕರೆದೊಯ್ಯುವ ವೇಳೆ ಈ ಮೂರಕ್ಕೆ ಸೀಮಿತಗೊಳಿಸಿ, ಅದನ್ನೂ ಬರಹದಲ್ಲೇ ಇಡಿ. ತಂದೆತಾಯಿಯಾದರೆ ವಾರಕ್ಕೊಂದು ಕರೆ, ಇಪ್ಪತ್ತು ನಿಮಿಷ ಎಂಬಂತೆ ಅಳತೆ ಹಾಕಿಕೊಳ್ಳಬಹುದು. ಒಂದೇ ಮನೆಯಲ್ಲಿ ಇರಲೇಬೇಕಾದವರಿಗೆ ದೂರ ಎಂದರೆ ದಿನಕ್ಕೆ ಒಂದು ಗಂಟೆ ಅವರ ಮುಖ ಕಾಣದ ಜಾಗ; ಗ್ರಂಥಾಲಯವಾಗಲಿ, ಸಂಜೆಯ ಕೆರೆ ಏರಿಯಾಗಲಿ.

ದೂರವಾದ ಮೇಲೆ ಇಬ್ಬರು ಬರುತ್ತಾರೆ. ಮೊದಲನೆಯವರು ಅವರೇ, ಮತ್ತೊಂದು ದೋಸೆಯ ಪೊಟ್ಟಣದೊಂದಿಗೆ. ಇದಕ್ಕೆ ಹೂವರಿಂಗ್ ಎಂದು ಹೆಸರು, ಕಸ ಎಳೆಯುವ ಯಂತ್ರದಂತೆ ಮರಳಿ ಸೆಳೆದುಕೊಳ್ಳುವುದು. ಹಬ್ಬದ ಶುಭಾಶಯ, ಹಳೆಯ ಫೋಟೊ, ತಪ್ಪಾಗಿ ಬಂದಂತೆ ತೋರುವ ಮಿಸ್ಡ್ ಕಾಲ್ ಇವೆಲ್ಲ ಅದರ ರೂಪಗಳು. ಬದಲಾವಣೆ ನಿಜವೋ ಎಂದು ತಿಳಿಯಲು ಅವರ ಮಾತನ್ನು ಕೇಳಬೇಡಿ. ನಿಮ್ಮ ಬೇಡ ಎಂಬ ಉತ್ತರವನ್ನು ಅವರು ಹೇಗೆ ತೆಗೆದುಕೊಂಡರು ಎಂಬುದನ್ನು ನೋಡಿ. ಎರಡನೆಯವರು ಸಂಧಾನಕ್ಕೆ ಬರುವ ಬಂಧುಗಳು. ಅವರಲ್ಲಿ ಬಹುತೇಕರು ಕೆಟ್ಟವರಲ್ಲ, ಒಂದು ಕಡೆಯ ಕಥೆ ಕೇಳಿ ಬಂದವರು. "ನಿಮ್ಮ ಕಾಳಜಿಗೆ ಋಣಿ, ಈ ವಿಷಯ ನಾವಿಬ್ಬರು ನೋಡಿಕೊಳ್ಳುತ್ತೇವೆ, ಕಾಫಿ ಕುಡಿಯಿರಿ" ಎಂಬ ಒಂದೇ ವಾಕ್ಯವನ್ನು ಎಷ್ಟು ಜನ ಬಂದರೂ ಹೇಳಿ. ಅವರ ಮುಂದೆ ಹೇಳಿದ ವಿವರಗಳು ಸಂಜೆಯೊಳಗೆ ಆ ಕಡೆ ತಲುಪಿರುತ್ತವೆ.

"ನೀನು ಹೋದರೆ ನಾನು ಸಾಯುತ್ತೇನೆ" ಎಂಬ ಬೆದರಿಕೆ ಬಂದರೆ ಸುಳ್ಳೋ ನಿಜವೋ ಎಂದು ತೀರ್ಮಾನಿಸುವುದು ನಿಮ್ಮ ಕೆಲಸವಲ್ಲ. ಅದನ್ನು ನಿಜವೆಂದೇ ತಿಳಿದು ಕೂಡಲೇ ಅವರ ಮನೆಯವರಿಗೆ ತಿಳಿಸಿ, ತುರ್ತು ನೆರವಿನ ಸಂಖ್ಯೆ 112ಕ್ಕೆ ಕರೆ ಮಾಡಿ. ಒಬ್ಬರೇ ಓಡಿಹೋಗಬೇಡಿ. ಜೀವ ಉಳಿಸುವ ಕೆಲಸ ಅದನ್ನು ಬಲ್ಲವರ ಕೈಗೆ ಹೋಗುತ್ತದೆ, ನಿಮ್ಮನ್ನು ಮರಳಿ ಕರೆಸುವ ದಾರಿಯಾಗಿ ಅದು ಉಳಿಯುವುದಿಲ್ಲ.

ಹಂತ 7: ಸೆಳೆತದ ವಾರಗಳು

ದೂರವಾದ ಮೊದಲ ಕೆಲವು ವಾರ ನಿದ್ದೆ ಕೆಡುತ್ತದೆ, ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಕೈ ತಾನಾಗಿಯೇ ಫೋನಿನ ಕಡೆ ಹೋಗುತ್ತದೆ. ಕುಡಿತ ಬಿಟ್ಟವರ ಚಡಪಡಿಕೆಗೆ ಇದನ್ನು ಹೋಲಿಸುವುದುಂಟು. ಈ ನೋವನ್ನು "ಇಷ್ಟು ನೋವಾಗುತ್ತಿದೆ ಎಂದರೆ ಅದು ನಿಜವಾದ ಪ್ರೀತಿಯೇ ಇರಬೇಕು" ಎಂದು ಓದಿಕೊಳ್ಳುವುದು ಈ ಹಂತದ ದೊಡ್ಡ ತಪ್ಪು.

ಸೆಳೆತ ಅಲೆಯಂತೆ ಬರುತ್ತದೆ, ಏರುತ್ತದೆ, ಇಳಿಯುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆ ತಡೆದರೆ ಅದರ ಮೊನೆ ಮುರಿಯುತ್ತದೆ. ಆ ಅರ್ಧ ಗಂಟೆಗೆ ಮೊದಲೇ ಕೆಲಸ ಗೊತ್ತುಮಾಡಿಟ್ಟುಕೊಳ್ಳಿ. ಮನಸ್ಸಿಗೆ ಬುದ್ಧಿ ಹೇಳುವ ಕೆಲಸ ಬೇಡ, ಕೈಗೆ ಕೆಲಸ ಬೇಕು: ಅವರೆಕಾಯಿ ಸುಲಿಯುವುದು, ಬಟ್ಟೆ ಇಸ್ತ್ರಿ ಮಾಡುವುದು, ನಡೆಯುತ್ತಾ ಮೂರನೆಯ ಹಂತದ ಆ ಒಬ್ಬರಿಗೆ ಫೋನ್ ಮಾಡುವುದು. ರಾತ್ರಿ ಹತ್ತರ ನಂತರ ಫೋನನ್ನು ಬೇರೆ ಕೋಣೆಯಲ್ಲಿಡಿ, ಏಕೆಂದರೆ ಮರಳಿ ಕಳುಹಿಸಿದ ಸಂದೇಶಗಳಲ್ಲಿ ಹೆಚ್ಚಿನವು ಆ ಹೊತ್ತಿನವೇ. ಅಲೆ ಏರಿದಾಗ ಪುಸ್ತಕದ ಮೊದಲ ನಾಲ್ಕು ವಾರಗಳನ್ನು ಓದಿ, ಬಲಗಡೆಯದನ್ನು ಮೊದಲು.

ಒಂದು ದಿನ ತಪ್ಪಿ ಫೋನ್ ಮಾಡಿಬಿಟ್ಟರೆ ತಾರೀಖು ಹಾಕಿ ಬರೆದುಕೊಳ್ಳಿ: ಏನು ನಡೆದಿತ್ತು, ಎಷ್ಟು ಹೊತ್ತಿಗೆ, ಹೊಟ್ಟೆ ಹಸಿದಿತ್ತೇ, ಒಂಟಿಯಾಗಿದ್ದಿರೇ. ಮರುದಿನ ಐದನೆಯ ಹಂತದಿಂದ ಮುಂದುವರಿಸಿ. ಎಲ್ಲ ಮುಗಿಯಿತೆಂದು ಕೈಚೆಲ್ಲಿ ಮತ್ತೆ ಆ ಮನೆಗೇ ಹೋಗಿ ಕುಳಿತುಕೊಳ್ಳುವುದಕ್ಕೆ ಒಂದು ಫೋನ್ ಕರೆ ಕಾರಣವಾಗಬೇಕಾಗಿಲ್ಲ. ಹಾಗೆಯೇ, ಈ ಖಾಲಿ ಜಾಗದಲ್ಲಿ ತಕ್ಷಣ ಇನ್ನೊಬ್ಬರನ್ನು ಕೂರಿಸಬೇಡಿ. ಹೊಸ ಪ್ರೇಮ, ದಿನಕ್ಕೆರಡು ಸಲ ಫೋನ್ ಮಾಡುವ ಜ್ಯೋತಿಷಿ, ಕೇಳಿದ್ದಕ್ಕೆಲ್ಲ ತೀರ್ಪು ಕೊಡುವ ಗುರು, ಇವೆಲ್ಲ ಹಂಗಿನ ಹೊಸ ವಿಳಾಸಗಳು.

ಹಂತ 8: ನೆರವು ಮತ್ತು ಕಾನೂನು

ಮನಸ್ಸಿನ ನೆರವಿಗೆ ಟೆಲಿ ಮಾನಸ್, ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸರ್ಕಾರಿ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಹಗಲು ರಾತ್ರಿ ಉಚಿತ, ಕನ್ನಡದಲ್ಲಿ ಮಾತನಾಡಬಹುದು. ಬದುಕು ಸಾಕು ಎಂಬ ಯೋಚನೆ ನಿಮಗೇ ಬರುತ್ತಿದ್ದರೆ ಉಳಿದ ಹಂತಗಳನ್ನೆಲ್ಲ ಬಿಟ್ಟು ಮೊದಲು ಇಲ್ಲಿಗೆ ಕರೆ ಮಾಡಿ. ಜಿಲ್ಲಾಸ್ಪತ್ರೆಗಳಲ್ಲೂ ಮನೋವೈದ್ಯರಿದ್ದಾರೆ. ದಂಪತಿಗಳಿಬ್ಬರಿಗೂ ಒಟ್ಟಿಗೆ ಆಪ್ತಸಮಾಲೋಚನೆ ಮಾಡಿಸಬೇಕೆಂದು ಹಲವರು ಆಸೆಪಡುತ್ತಾರೆ. ಹೊಡೆತವೋ ಬೆದರಿಕೆಯೋ ಇರುವಲ್ಲಿ ಅದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ಬಾಯಿಬಿಟ್ಟ ಮಾತಿಗೆ ಮನೆಗೆ ಬಂದ ಮೇಲೆ ಲೆಕ್ಕ ಕೊಡಬೇಕಾಗುತ್ತದೆ. ನೀವೊಬ್ಬರೇ ಹೋಗಿ.

2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005, ಹೊಡೆತವನ್ನಷ್ಟೇ ಅಲ್ಲ, ಮಾತಿನ ಮತ್ತು ಭಾವನಾತ್ಮಕ ಹಿಂಸೆಯನ್ನೂ, ಹಣ ತಡೆಹಿಡಿಯುವುದನ್ನೂ ದೌರ್ಜನ್ಯವೆಂದು ಪರಿಗಣಿಸುತ್ತದೆ. ಮದುವೆಯಾಗದೆ ಮದುವೆಯಂತೆ ಬಾಳಿದವರಿಗೂ ಅದು ಅನ್ವಯಿಸುತ್ತದೆ. ಮನೆ ಯಾರ ಹೆಸರಿನಲ್ಲಿದ್ದರೂ ಕೂಡಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕನ್ನು ಅದರ 17ನೆಯ ಕಲಂ ಕೊಡುತ್ತದೆ. ರಕ್ಷಣೆ, ಜೀವನಾಂಶ, ಮಕ್ಕಳ ತಾತ್ಕಾಲಿಕ ಸುಪರ್ದಿ ಎಲ್ಲಕ್ಕೂ ಮ್ಯಾಜಿಸ್ಟ್ರೇಟರಿಗೆ ಒಂದೇ ಅರ್ಜಿ ಸಾಕು. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಎಲ್ಲರೂ ಸಿಡಿಪಿಒ ಎನ್ನುವವರು, ಕರ್ನಾಟಕದಲ್ಲಿ ಈ ಕಾಯ್ದೆಯ ಸಂರಕ್ಷಣಾಧಿಕಾರಿಯೂ ಹೌದು. ಮಹಿಳಾ ಸಹಾಯವಾಣಿ 181, ನೊಂದ ಮಹಿಳೆಯರಿಗೆ ನೆರವಾಗುವ ಸಾಂತ್ವನ ಕೇಂದ್ರಗಳು ಮತ್ತು ಜಿಲ್ಲೆಯ ಸಖಿ ಕೇಂದ್ರ ಆ ಅಧಿಕಾರಿಯ ಬಳಿಗೆ ದಾರಿ ತೋರಿಸುತ್ತವೆ. ಉಚಿತ ವಕೀಲರಿಗಾಗಿ ಕಾನೂನು ಸೇವೆಗಳ ಸಂಖ್ಯೆ 15100. ಮಹಿಳೆಯರಿಗೆ ಇದರಲ್ಲಿ ಆದಾಯದ ಮಿತಿ ಇಲ್ಲ. ದಂಪತಿಯ ದಾವೆಗಳಲ್ಲಿ ಗುಟ್ಟಾಗಿ ಮಾಡಿಕೊಂಡ ಧ್ವನಿಮುದ್ರಣವನ್ನೂ ಸಾಕ್ಷ್ಯವಾಗಿ ಪರಿಗಣಿಸಬಹುದೆಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಾದರೂ, ಅದಕ್ಕೆ ಕೈಹಾಕುವ ಮೊದಲು ವಕೀಲರನ್ನು ಕೇಳಿ.

ಗಂಡಸರು ಈ ಕಾಯ್ದೆಯಡಿ ಅರ್ಜಿ ಹಾಕುವಂತಿಲ್ಲ. ಆದರೆ ಹಿಂದೂ ವಿವಾಹ ಕಾಯ್ದೆಯಲ್ಲಿ ಕ್ರೌರ್ಯದ ಕಾರಣಕ್ಕೆ ವಿಚ್ಛೇದನ ಕೇಳುವ ಹಕ್ಕು ಗಂಡ ಹೆಂಡತಿ ಇಬ್ಬರಿಗೂ ಇದೆ, ನ್ಯಾಯಾಲಯಗಳು ಮಾನಸಿಕ ಕ್ರೌರ್ಯವನ್ನೂ ಅದರಲ್ಲಿ ಸೇರಿಸಿ ನೋಡುತ್ತ ಬಂದಿವೆ. 14416 ಎಲ್ಲರಿಗೂ ತೆರೆದಿದೆ.

ಮೊದಲ ಕರೆಯಲ್ಲಿ ಏನು ಹೇಳಬೇಕೆಂದು ತೋಚದೆಯೇ ಹಲವರು ತಿಂಗಳುಗಟ್ಟಲೆ ಮುಂದೂಡುತ್ತಾರೆ. ಆತ್ಮರತಿ, ಆಘಾತದ ಬಂಧ ಇಂಥ ಮಾತುಗಳೇನೂ ಬೇಕಾಗಿಲ್ಲ. "ಮನೆಯಲ್ಲಿ ಒಬ್ಬರು ಮಾತು ಬಿಟ್ಟರೆ ನನಗೆ ಊಟ ನಿದ್ದೆ ಸೇರುವುದಿಲ್ಲ, ತಪ್ಪಿಲ್ಲದಿದ್ದರೂ ಕ್ಷಮೆ ಕೇಳುತ್ತೇನೆ, ಇದು ಇಷ್ಟು ವರ್ಷದಿಂದ ಹೀಗೆಯೇ ಇದೆ" ಎನ್ನಿ. ಉಳಿದದ್ದನ್ನು ಆ ಕಡೆಯವರೇ ಒಂದೊಂದಾಗಿ ಕೇಳಿಕೊಳ್ಳುತ್ತಾರೆ.